ಸರ್ವರ್‌ಗೂ ಬೇಕು ಒಂದು ನಿರ್ವಹಣಾ ಪಟ್ಟಿ

ಶಿವಮೊಗ್ಗದ ಪತ್ರಿಕೆಗಳಲ್ಲಿ ವಿದ್ಯುತ್ ಕಂಪನಿ ಮೆಸ್ಕಾಂನ ಪ್ರಕಟಣೆ ಆಗಾಗ ಬರುತ್ತದೆ. ಇಂಥ ವಿದ್ಯುತ್ ವಿತರಣಾ ಕೇಂದ್ರದಲ್ಲಿ ನಿರ್ವಹಣಾ ಕಾಮಗಾರಿ ಇರುವುದರಿಂದ ಇಂಥ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಇಂಥಿಂಥ ಬಡಾವಣೆಗಳಲ್ಲಿ ವಿದ್ಯುತ್ ವ್ಯತ್ಯಯವಾಗಲಿದೆ, ಗ್ರಾಹಕರು ಸಹಕರಿಸಬೇಕು. ನಾಲ್ಕು ಸಾಲಿನ ಈ ಪ್ರಕಟಣೆಯ ಹಿಂದೆ ಗಟ್ಟಿಯಾದ ಶಿಸ್ತಿದೆ. ಯಾವ ಉಪಕರಣ, ಯಾವ ಹೊತ್ತು, ಯಾರಿಗೆ ತೊಂದರೆ ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಲೈನ್‌ಮನ್ ‘ಲೈನ್ ಕ್ಲಿಯರ್’ ಅನುಮತಿ ಪಡೆಯದೆ ತಂತಿ ಮುಟ್ಟುವಂತಿಲ್ಲ. ಕೆಲಸ ಮುಗಿಸಿ ಅದನ್ನು ಹಿಂದಿರುಗಿಸುವ ತನಕ ಲೈನಿಗೆ ಕರೆಂಟು ಬಿಡುವಂತಿಲ್ಲ. ಆದರೆ ನಾಡಿನ ಯಾವುದೇ ಊರಿನ ಸೇವಾ ಕೌಂಟರಿನಲ್ಲಿ ‘ಸರ್ವರ್ ಡೌನ್’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಯಾವ ಸರ್ವರ್, ಏಕೆ, ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಈ ನಿಲುಗಡೆಗಳಲ್ಲಿ ಎಷ್ಟೋ ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಮೊದಲೇ ಗೊತ್ತಿದ್ದ, ಆದರೆ ಯಾರ ಪಟ್ಟಿಯಲ್ಲೂ ಇಲ್ಲದ ಕೆಲಸಗಳು ಬಾಕಿ ಉಳಿದು ಹೀಗೆ ಪ್ರಕಟವಾಗುತ್ತವೆ.

ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ: ಸರ್ವರ್ ಕೋಣೆಯ ಯುಪಿಎಸ್ ಬ್ಯಾಟರಿ ಬದಲಿಸುವುದು. ಸೀಸ-ಆಮ್ಲದ ಸೀಲ್ಡ್ ಬ್ಯಾಟರಿಯ ಬಾಳಿಕೆ ಸಾಮಾನ್ಯವಾಗಿ 3ರಿಂದ 5 ವರ್ಷ. ಕೋಣೆಯ ಉಷ್ಣತೆ 25 ಡಿಗ್ರಿಗಿಂತ ಹತ್ತು ಡಿಗ್ರಿಯಷ್ಟು ಹೆಚ್ಚಿದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಎಸಿ ಕೆಟ್ಟ ದಿನಾಂಕ ದಾಖಲಾಗದಿದ್ದರೆ ಬ್ಯಾಟರಿ ಯಾವಾಗ ಕೈಕೊಡುತ್ತದೆಂದು ಅಂದಾಜು ಮಾಡಲಾಗದು. ಬದಲಿಸುವಾಗ ವಿದ್ಯುತ್ ನಿಲ್ಲಿಸಬೇಕಾಗಿ ಬಂದರೆ ಮೊದಲು ಅಪ್ಲಿಕೇಶನ್, ಆಮೇಲೆ ಡೇಟಾಬೇಸ್, ಕೊನೆಗೆ ಸ್ಟೋರೇಜ್ ಮುಚ್ಚಬೇಕು, ತೆರೆಯುವಾಗ ತಿರುವುಮುರುವು. ಹಿಂದಿನ ರಾತ್ರಿಯ ಬ್ಯಾಕಪ್ ಸರಿಯಿದೆಯೇ ಎಂದು ಅದಕ್ಕೂ ಮೊದಲೇ ನೋಡಿಕೊಂಡಿರಬೇಕು. ಮಲೆನಾಡಿನ ಅಂಚಿನ ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲೇ ಗುಡುಗು-ಸಿಡಿಲು ಶುರುವಾಗುವುದರಿಂದ ಈ ಕೆಲಸ ಮಾರ್ಚ್ ಒಳಗೆ ಮುಗಿಯಬೇಕು. ಅರ್ಥಿಂಗ್ ಪರೀಕ್ಷೆಯೂ ಆಗಲೇ ಆಗಬೇಕು, ಏಕೆಂದರೆ ನೆಲ ಒಣಗಿದಾಗ ಅರ್ಥಿಂಗ್‌ನ ಪ್ರತಿರೋಧ ಹೆಚ್ಚುತ್ತದೆ. ಮಳೆಗಾಲದಲ್ಲಿ ಅಳೆದರೆ ಮೀಟರು ಸುಳ್ಳು ಸಮಾಧಾನ ಕೊಡುತ್ತದೆ. ಒಂದು ಬ್ಯಾಟರಿಯ ಸುತ್ತ ಇಷ್ಟೊಂದು ಕೊಂಡಿಗಳಿವೆ. ನಿರ್ವಹಣಾ ತಂತ್ರಾಂಶ ಮಾಡುವುದು ಈ ಕೊಂಡಿಗಳನ್ನು ನೆನಪಿಡುವ ಕೆಲಸ. ಪ್ರತಿ ಉಪಕರಣಕ್ಕೆ ಒಂದು ಸಂಖ್ಯೆ, ಅದು ಯಾವುದನ್ನು ಅವಲಂಬಿಸಿದೆ, ಮುಂದಿನ ಕೆಲಸ ಯಾವಾಗ, ಹೊಣೆ ಯಾರದು, ಮುಗಿದದ್ದನ್ನು ಪರೀಕ್ಷಿಸಿದವರು ಯಾರು ಎಂಬುದು ಅದರಲ್ಲಿರುತ್ತದೆ. ದಿನ ಬಂದಾಗ ಅದು ಟಿಕೆಟ್ (ಕೆಲಸದ ಚೀಟಿ) ತೆರೆಯುತ್ತದೆ, ತಡವಾದರೆ ಮೇಲಿನವರಿಗೆ ತಿಳಿಸುತ್ತದೆ.

ಭದ್ರಾವತಿಗೆ ಈ ವಿಚಾರ ಹೊಸದಲ್ಲ. ಬೆಂಕಿಪುರವೆನಿಸಿದ್ದ ಆ ಊರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ವಿಶ್ವೇಶ್ವರಯ್ಯನವರು ಅದೇ ವರ್ಷ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಊದುಕುಲುಮೆಯನ್ನು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸಲಾಗದು. ತಣ್ಣಗಾದರೆ ಒಳಗಿನ ಕಬ್ಬಿಣ ಗಟ್ಟಿಯಾಗಿ ಕುಲುಮೆಯೇ ಹಾಳಾದೀತು. ಹಗಲಿರುಳು ಉರಿಯುವ ಇಂಥ ಯಂತ್ರದ ಜೊತೆ ಬಾಳುವ ಉಕ್ಕಿನ ಕಾರ್ಖಾನೆಗಳು ಎಲ್ಲ ವಿಭಾಗಗಳ ರಿಪೇರಿಯನ್ನೂ ಒಂದೇ ಶಟ್‌ಡೌನ್ ಅವಧಿಗೆ ಹೊಂದಿಸುವುದನ್ನು ಕಲಿತವು. ಇಂದು ದಿನವಿಡೀ ಸೇವೆ ಕೊಡಬೇಕಾದ ಆಸ್ಪತ್ರೆ, ಬ್ಯಾಂಕು, ವಿಶ್ವವಿದ್ಯಾಲಯಗಳ ಗಣಕ ವ್ಯವಸ್ಥೆಯ ಸ್ಥಿತಿ ಅದೇ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಇಂಥ ಯೋಜನೆಗಳಲ್ಲಿ ಕ್ಯಾಮೆರಾ, ಸೆನ್ಸರ್, ಸ್ವಿಚ್ಚುಗಳನ್ನು ಕೊಳ್ಳುವುದು ಸುಲಭದ ಭಾಗ. ಕಷ್ಟ ಇರುವುದು ನಿರ್ವಹಣೆಯಲ್ಲಿ, ಏಕೆಂದರೆ ಕೊಂಡ ದಿನದಿಂದಲೇ ಅವು ಹಳತಾಗಲು ಶುರುವಾಗುತ್ತವೆ.

ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ‘ವಾನ್ನಾಕ್ರೈ’ ಸೈಬರ್ ದಾಳಿಗಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಬಿಡುಗಡೆ ಮಾಡಿತ್ತು. ದಾಳಿ ನಡೆದದ್ದು ಮೇ 12ರಂದು. ಇಂಗ್ಲೆಂಡಿನ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 80 ತೊಂದರೆಗೊಳಗಾದವು. ಪ್ಯಾಚ್ ಹಾಕಿ ಎಂಬ ಎಚ್ಚರಿಕೆ ಮಾರ್ಚ್ ಮತ್ತು ಏಪ್ರಿಲ್‌ನಲ್ಲೇ ಹೋಗಿತ್ತು. ಆದರೆ ಸಂಸ್ಥೆಗಳು ಅದನ್ನು ಪಾಲಿಸಿದವೋ ಇಲ್ಲವೋ ಎಂದು ತಿಳಿಯುವ ವಿಧಿವತ್ತಾದ ವ್ಯವಸ್ಥೆ ಆರೋಗ್ಯ ಇಲಾಖೆಗೆ ಇರಲಿಲ್ಲ ಎಂದು ಅಲ್ಲಿನ ಲೆಕ್ಕ ಪರಿಶೋಧನಾ ಕಚೇರಿ ವರದಿ ಮಾಡಿತು. ಮದ್ದು ಇತ್ತು, ಸುತ್ತೋಲೆ ಇತ್ತು. ಯಾರು ಮಾಡಿದರು, ಯಾರು ಮಾಡಲಿಲ್ಲ ಎಂಬ ಲೆಕ್ಕ ಮಾತ್ರ ಇರಲಿಲ್ಲ.

ನಡೆಯುತ್ತಿರುವ ಯಂತ್ರವನ್ನು ಮುಟ್ಟಬೇಡಿ ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಕರಾವಳಿ ವಾಯುದಳದ ಲಿಬರೇಟರ್ ವಿಮಾನಗಳನ್ನು 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ಮಾಡುತ್ತಿದ್ದರು. ತಪಾಸಣೆ ಮುಗಿದ ಬೆನ್ನಲ್ಲೇ ಅವು ಹೆಚ್ಚು ಕೆಡುತ್ತಿದ್ದುದನ್ನು ಜೀವವಿಜ್ಞಾನಿ ಸಿ.ಎಚ್. ವಾಡಿಂಗ್ಟನ್ ಗುರುತಿಸಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಕೆಡವಿತು. ನಿರ್ವಹಣೆಯೇ ರೋಗ ತಂದ ಉದಾಹರಣೆಗಳಿವು. ಆದರೆ ವಾಡಿಂಗ್ಟನ್‌ಗೆ ಅದು ಗೊತ್ತಾದದ್ದು ಹೇಗೆ? ಪ್ರತಿ ತಪಾಸಣೆ, ಪ್ರತಿ ದೋಷ ದಾಖಲಾಗಿದ್ದರಿಂದ. ಅನಗತ್ಯ ತಪಾಸಣೆಯನ್ನು ಕಡಿಮೆ ಮಾಡಿ ಎಂದು ಹೇಳುವ ಧೈರ್ಯವೂ ಅದೇ ದಾಖಲೆಯಿಂದ ಬಂತು. ಕ್ರೌಡ್‌ಸ್ಟ್ರೈಕ್ ಪ್ರಸಂಗದ ಪಾಠವೂ ಅಷ್ಟೇ: ಮೊದಲು ನಾಲ್ಕು ಗಣಕಗಳಿಗೆ ಹಾಕಿ, ಕಾದು ನೋಡಿ, ಆಮೇಲೆ ಉಳಿದವಕ್ಕೆ. ಕೆಲಸವನ್ನು ಹಂತಗಳಲ್ಲಿ ಮಾಡಲು ಪಟ್ಟಿಯೇ ಬೇಕು.

ಪಟ್ಟಿ ಎಂದರೆ ಕೊನೆಗೆ ಟಿಕ್ ಹಾಕುವ ಶಾಸ್ತ್ರವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದು ಹೆಚ್ಚು ತೂಕದ್ದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್‌ಗೆಂದು ಅಲ್ಲಿ ಹಲವು ವ್ಯವಸ್ಥೆಗಳಿದ್ದವು. ನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಆರು ತಾಸಿನ ಮಾಹಿತಿ ಹೋಯಿತು. ಆದ್ದರಿಂದ ‘ಬ್ಯಾಕಪ್ ಆಗಿದೆ’ ಎಂಬ ಸಾಲಿಗೆ ಬೆಲೆಯಿಲ್ಲ. ‘ಬ್ಯಾಕಪ್‌ನಿಂದ ಇಂಥ ಕಡತವನ್ನು ಮರಳಿ ತೆರೆದು ನೋಡಲಾಗಿದೆ’ ಎಂಬ ಸಾಲು ಪಟ್ಟಿಯಲ್ಲಿರಬೇಕು. ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಕೊಟ್ಟಿದ್ದೇವಲ್ಲ ಎನ್ನುವ ಕಚೇರಿಗಳಿಗೂ ಇದೇ ಉತ್ತರ. ಗುತ್ತಿಗೆದಾರ ಕೆಟ್ಟದ್ದನ್ನು ರಿಪೇರಿ ಮಾಡಿಯಾನು. ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂಬ ತಿಳಿವಳಿಕೆ ಕಚೇರಿಯದೇ ಆಗಿರಬೇಕು. ಅದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಇಬ್ಬರೇ ಸಿಬ್ಬಂದಿಯಿರುವಲ್ಲಿ ಒಂದು ಎಕ್ಸೆಲ್ ಹಾಳೆ ಮತ್ತು ತಿಂಗಳಿಗೊಂದು ಪರಿಶೀಲನೆಯ ದಿನ ಸಾಕು.

ಇನ್ನು ತಡ ಮಾಡಲು ಅವಕಾಶವೂ ಕಡಿಮೆಯಾಗುತ್ತಿದೆ. ಜಾಲತಾಣ ಅಸಲಿಯೆಂದು ಬ್ರೌಸರಿಗೆ ಖಾತ್ರಿಪಡಿಸುವ ಡಿಜಿಟಲ್ ಸರ್ಟಿಫಿಕೇಟಿಗೆ ಬಹುಕಾಲ ಗರಿಷ್ಠ 398 ದಿನಗಳ ಅವಧಿ ಇತ್ತು. ವರ್ಷಕ್ಕೊಮ್ಮೆ ಯಾರಾದರೂ ನೆನಪಿಟ್ಟು ನವೀಕರಿಸಿದರೆ ಸಾಗುತ್ತಿತ್ತು. ಬ್ರೌಸರ್ ಮತ್ತು ಸರ್ಟಿಫಿಕೇಟ್ ಸಂಸ್ಥೆಗಳು 2025ರಲ್ಲಿ ಒಪ್ಪಿದ ನಿಯಮದಂತೆ ಈ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಅಂದರೆ ಒಂದೊಂದು ಜಾಲತಾಣಕ್ಕೂ ವರ್ಷಕ್ಕೆ ಎಂಟು ಬಾರಿ ನವೀಕರಣ. ಶಿವಮೊಗ್ಗ, ಭದ್ರಾವತಿಯ ಕಚೇರಿಗಳು ತಮ್ಮಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಈ ವರ್ಷವೇ ಬರೆಯಲು ಶುರುಮಾಡಲಿ.