ಹಕ್ಕಿಮರಿಯ ಹೊರೆ ಮತ್ತು ಮೈಬಿಸಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹುಬ್ಬಳ್ಳಿ-ಧಾರವಾಡದ ಎಷ್ಟೋ ವಿದ್ಯಾರ್ಥಿಗಳು ಕಂಡಿರಬಹುದು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಇಂಥ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡು ತಮ್ಮ ತವರಿನ ಸುಳಿವು ಕೊಟ್ಟಿವೆ. ಈಗ ರೇಡಿಯೋ ಪ್ರೇಷಕವನ್ನು ಹಕ್ಕಿಯ ಬೆನ್ನಿಗೇ ಕಟ್ಟುವುದುಂಟು. ಅದರ ತೂಕ ಹಕ್ಕಿಯ ತೂಕದ ನೂರಕ್ಕೆ ೩ ರಿಂದ ೫ ಭಾಗವನ್ನು ಮೀರಬಾರದೆಂಬುದು ರೂಢಿಯ ನಿಯಮ. ಈ ನಿಯಮವು ಶಾಖದ ಮಾತನ್ನೇ ಎತ್ತುವುದಿಲ್ಲ.

ಮರಿಯನ್ನು ಬೆಚ್ಚಗಿಡುವುದು ತುಪ್ಪುಳಿಗಿಂತಲೂ ಅದರೊಳಗೆ ಸೆರೆಯಾದ ಗಾಳಿ. ಪ್ರೇಷಕದ ಅಡಿಯಲ್ಲಿ ತುಪ್ಪುಳು ಕಾಲುಭಾಗ ದಪ್ಪಕ್ಕೆ ಅದುಮಿದರೆ ಅಲ್ಲಿ ಶಾಖದ ಸೋರಿಕೆ ನಾಲ್ಮಡಿಯಾಗುವುದು. ೪೦ ಗ್ರಾಮಿನ ಕೋಳಿಮರಿಯ ಮೇಲೆ ೨ ಗ್ರಾಮಿನ ಪ್ರೇಷಕವಿಟ್ಟರೆ ನಿಯಮ ಪಾಲಿಸಿದಂತಾಯಿತು. ಮರಿಯ ಮೈಯ ಹರವು ಸುಮಾರು ೧೨೦ ಚದರ ಸೆಂಟಿಮೀಟರು. ಪ್ರೇಷಕ ೩ ಚದರ ಸೆಂಟಿಮೀಟರನ್ನು ಆವರಿಸಿತೆನ್ನೋಣ. ಆಗ ಒಟ್ಟು ಶಾಖನಷ್ಟ ನೂರಕ್ಕೆ ಏಳೂವರೆಯಷ್ಟು ಹೆಚ್ಚುವುದು. ೨ ಕಿಲೋಗ್ರಾಮಿನ ಹೆಬ್ಬಾತಿಗೆ ಅದೇ ತೇಪೆಯಿಂದಾಗುವ ಹೆಚ್ಚಳ ನೂರಕ್ಕೆ ಸುಮಾರು ಅರ್ಧ ಮಾತ್ರ. (ಪ್ರೇಷಕವೂ ಅಷ್ಟಿಷ್ಟು ಶಾಖವನ್ನು ತಡೆಯುತ್ತದೆ, ನಮ್ಮದು ಒರಟು ಲೆಕ್ಕ.) ಅಂಟಿಸಲೆಂದು ತುಪ್ಪುಳನ್ನು ಕತ್ತರಿಸಿದರಂತೂ ನಷ್ಟ ಇನ್ನೂ ಅಧಿಕ.

ಮಳೆ ಬಂದರೆ ಕಷ್ಟ ಬಲಿಯುತ್ತದೆ, ಏಕೆಂದರೆ ನೀರಿನ ಶಾಖವಾಹಕತೆ ಗಾಳಿಯದರ ಇಪ್ಪತ್ತು ಮಡಿಗೂ ಮಿಗಿಲು. ನಮ್ಮ ಎರೆಹೊಲಗಳ ಟಿಟ್ಟಿಭದ ಮರಿ ಮೊಟ್ಟೆಯೊಡೆದು ಬಂದ ಕೆಲವು ಗಂಟೆಗಳಲ್ಲೇ ನಡೆದಾಡಬಲ್ಲುದು. ಮೈಬಿಸಿಯನ್ನು ಮಾತ್ರ ಆಗಲೇ ಕಾಯ್ದುಕೊಳ್ಳಲಾರದು. ಮತ್ತೆ ಮತ್ತೆ ತಾಯಿಯ ಹೊಟ್ಟೆಯಡಿಗೆ ಓಡಬೇಕು. ಓಡಿದಷ್ಟೂ ಮೇಯುವ ಹೊತ್ತು ಕಡಿಮೆ. ಗುರುತು ಹಚ್ಚಿದ ಮರಿ ಸತ್ತಾಗ, ಕೊಂದುದು ಚಳಿಯೋ ಉಪಕರಣವೋ ಎಂಬುದನ್ನು ಪ್ರೇಷಕ ಹೇಳದು. ಉಪಕರಣವಿಲ್ಲದ ಒಡಹುಟ್ಟುಗಳನ್ನೂ ತೂಗಿ, ಮೈಯ ಉಷ್ಣತೆಯನ್ನು ಅಳೆದು ಹೋಲಿಸಿದರೆ ತಿಳಿದೀತು.