ಮನಸ್ಸಿಗೆ ಇಪ್ಪತ್ತೈದು, ಮಂಡಿಗೆ ಐವತ್ತು: ಮತ್ತೆ ಹಿಮದ ಇಳಿಜಾರಿಗೆ ಇಳಿಯುವ ಮುನ್ನ

ಕಡಲ ತೀರದ ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಿಗೂ ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೂ ಎತ್ತಣ ಸಂಬಂಧ ಎಂದು ಕೇಳುವವರಿದ್ದಾರೆ. ಆದರೆ ಯೌವನದಲ್ಲಿ ದಿಲ್ಲಿಯ ನೌಕರಿಯಲ್ಲಿದ್ದಾಗಲೋ, ಸೇನೆಯ ಸೇವೆಯಲ್ಲಿದ್ದಾಗಲೋ ಗುಲ್ಮಾರ್ಗ್ ಅಥವಾ ಮನಾಲಿಯಲ್ಲಿ ಎರಡು ವಾರದ ತರಬೇತಿ ಪಡೆದು, ಅನಂತರ ಸಂಸಾರ, ಸಾಲ, ಮಕ್ಕಳ ಓದು ಎಂದು ಅದನ್ನು ಮರೆತವರು ನಮ್ಮ ನಡುವೆ ಇಲ್ಲದಿಲ್ಲ. ಮಕ್ಕಳು ದೊಡ್ಡವರಾಗಿ ಕೈಯಲ್ಲಿ ನಾಲ್ಕು ಕಾಸು, ರಜೆ ಎರಡೂ ಸೇರಿದಾಗ ಹಳೆಯ ಆಸೆ ಮರುಕಳಿಸುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಮೇಲಂತೂ ಹಿಮದ ಆಟ ಕನ್ನಡಿಗರಿಗೆ ದೂರದ ಮಾತಾಗಿ ಉಳಿದಿಲ್ಲ.

ಕಲಿತ ಈಜು ಮರೆಯದು ಎನ್ನುತ್ತಾರೆ. ಸ್ಕೀಯಿಂಗ್ ಕೂಡ ಹಾಗೆಯೇ. ತೊಡಕಿರುವುದೂ ಅಲ್ಲಿಯೇ. ತಿರುವು ತೆಗೆದುಕೊಳ್ಳುವ ಬಗೆ ನೆನಪಿರುತ್ತದೆ, ಅದನ್ನು ತಾಳಿಕೊಳ್ಳುವ ತೊಡೆಯ ಬಲ ಇರುವುದಿಲ್ಲ. ಈ ಕ್ರೀಡೆಯಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಮಂಡಿಯ ಅಸ್ಥಿರಜ್ಜುಗಳು. ದಣಿದ ಕಾಲು, ಸಂಜೆಯ ಹೊತ್ತು, 'ಇದೊಂದೇ ಸುತ್ತು' ಎಂಬ ಹಟ ಮೂರೂ ಕೂಡಿದರೆ ಅಪಾಯ ಹತ್ತಿರವಾಯಿತೆಂದೇ ಅರ್ಥ.

ತಯಾರಿ ದೀಪಾವಳಿಯಿಂದಲೇ

ಜನವರಿಯಲ್ಲಿ ಹಿಮಕ್ಕೆ ಇಳಿಯುವವರು ದೀಪಾವಳಿ ಮುಗಿದೊಡನೆ ತಯಾರಿ ಆರಂಭಿಸುವುದು ಕ್ಷೇಮ. ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುವುದು, ಬಸ್ಕಿ, ಗೋಡೆಗೆ ಬೆನ್ನು ಕೊಟ್ಟು ಕುಳಿತ ಭಂಗಿಯಲ್ಲಿ ನಿಲ್ಲುವುದು, ಒಂಟಿ ಕಾಲಿನ ಸಮತೋಲನ ಇವಿಷ್ಟನ್ನು ಆರರಿಂದ ಎಂಟು ವಾರ ತಪ್ಪದೆ ಮಾಡಿದರೆ ಸಾಕಷ್ಟು ಪ್ರಯೋಜನವಿದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರ ಮಾತು ಕೇಳದೆ ಟಿಕೆಟ್ ಕಾದಿರಿಸಬಾರದು. ಸಮುದ್ರ ಮಟ್ಟದಲ್ಲಿರುವ ಮುಂಬಯಿಯಿಂದ ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ಗೆ ಒಂದೇ ದಿನದಲ್ಲಿ ತಲುಪಿದಾಗ ಏದುಸಿರು ಬರುವುದು ಸಹಜ. ಮೊದಲ ದಿನ ವಿಶ್ರಾಂತಿಗೇ ಮೀಸಲಿರಲಿ.

ಅಟ್ಟದ ಮೇಲಿನ ಹಳೆಯ ಬೂಟು ಬೇಡ

ಆಗ ಕಲಿತವರು ತೊಟ್ಟದ್ದು ಉದ್ದನೆಯ, ನೇರವಾದ ಸ್ಕೀ. 1990ರ ದಶಕದ ನಂತರ ನಡು ಸಣ್ಣಗಾಗಿ ತುದಿ ಅಗಲವಾದ, ಗಿಡ್ಡನೆಯ ಸ್ಕೀಗಳು ಬಂದವು. ಇವು ತಿರುವನ್ನು ಸುಲಭಗೊಳಿಸುತ್ತವೆ, ತುಕ್ಕು ಹಿಡಿದ ಕಾಲಿಗೆ ಇದೊಂದು ವರ. ಹಳೆಯ ಪ್ಲಾಸ್ಟಿಕ್ ಬೂಟು ವರ್ಷಗಳು ಕಳೆದಂತೆ ಪೆಡಸಾಗಿ, ಹಿಮದ ಮೇಲೆಯೇ ಸೀಳಿಹೋಗುವುದುಂಟು. ಆದ್ದರಿಂದ ಮೊದಲ ವರ್ಷ ಬಾಡಿಗೆಯ ಸಲಕರಣೆಯೇ ಲೇಸು. ಬಿದ್ದಾಗ ಬೂಟನ್ನು ಸ್ಕೀಯಿಂದ ಬಿಡಿಸುವ ಬೈಂಡಿಂಗ್‌ನ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಅನುಭವ ನೋಡಿ ಹೊಂದಿಸಬೇಕು. ಐವತ್ತು ದಾಟಿದವರಿಗೆ ಅದು ಒಂದು ಹಂತ ಸಡಿಲವಿರಬೇಕೆಂಬುದು ನಿಯಮ. ಅಂಗಡಿಯಲ್ಲಿ ವಯಸ್ಸು ಮರೆಮಾಚಿ ದೊಡ್ಡಸ್ತಿಕೆ ತೋರಿದರೆ ಅದರ ಬೆಲೆ ತೆರುವುದು ಮಂಡಿ. ಹೆಲ್ಮೆಟ್ ಕಡ್ಡಾಯವೆಂದೇ ಭಾವಿಸುವುದು ಒಳಿತು.

ಒಂದು ಋತು, ಮೂರು ಪ್ರವಾಸ

ಇದ್ದ ರಜೆಯನ್ನೆಲ್ಲ ಒಂದೇ ಪ್ರವಾಸಕ್ಕೆ ಸುರಿಯುವ ಬದಲು ಹಂಚಿಕೊಳ್ಳುವುದು ಜಾಣತನ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡು ಚಳಿಯನ್ನು 'ಚಿಲ್ಲಾಯ್ ಕಲಾನ್' ಎನ್ನುತ್ತಾರೆ. ಜನವರಿಯ ಮಧ್ಯದಲ್ಲಿ ನಾಲ್ಕೈದು ದಿನ ಗುಲ್ಮಾರ್ಗ್‌ನ ತಗ್ಗಿನ ಇಳಿಜಾರಿನಲ್ಲಿ ತರಬೇತುದಾರರೊಡನೆ ಅಕ್ಷರಾಭ್ಯಾಸದಿಂದಲೇ ತೊಡಗಬೇಕು. ಫೆಬ್ರವರಿಯಲ್ಲಿ ಒಂದು ವಾರದ ಮುಖ್ಯ ಪ್ರವಾಸ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಆಗಬಹುದು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಔಲಿಯ ರೋಪ್‌ವೇ ನಿಂತಿತ್ತು. ಆದಕಾರಣ ರಸ್ತೆ ಪ್ರಯಾಣದ ಲೆಕ್ಕವಿರಲಿ. ಮಾರ್ಚ್ ಆರಂಭದ ಮೂರನೆಯದನ್ನು ಕಾಲು ಮತ್ತು ಹಿಮ ಎರಡನ್ನೂ ನೋಡಿ ನಿರ್ಧರಿಸಿದರಾಯಿತು.

ಏಕೆಂದರೆ ಹಿಮ ಈಗ ಹೇಳಿದ ದಿನಕ್ಕೆ ಬರುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. 2025ರ ಫೆಬ್ರವರಿ 22ಕ್ಕೆ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಸ್ಪರ್ಧೆಗಳೇ ಹಿಮವಿಲ್ಲದೆ ಮಾರ್ಚ್ 9ಕ್ಕೆ ಮುಂದೆ ಹೋದವು. ಸರಕಾರಕ್ಕೇ ಹೀಗಾದರೆ ಸಾಮಾನ್ಯರ ಪಾಡೇನು? ದಿನಾಂಕ ಬದಲಿಸಬಹುದಾದ ವಿಮಾನ ಟಿಕೆಟ್, ಹಣ ಮರಳುವ ಹೋಟೆಲ್ ಕೋಣೆ ತುಸು ದುಬಾರಿಯಾದರೂ ಲಾಭವೇ. ಹೊರಡುವ ಮುನ್ನ ಭದ್ರತಾ ಸೂಚನೆಗಳನ್ನೂ ವಿಚಾರಿಸಿಕೊಳ್ಳಬೇಕು.

ಎತ್ತರದ ಮೋಹ

ಗುಲ್ಮಾರ್ಗ್‌ನ ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್‌ಗೂ ಮೇಲೆ ಒಯ್ಯುತ್ತದೆ. ಅಲ್ಲಿಂದ ಇಳಿಯುವುದು ಬಹುಪಾಲು ಹದಗೊಳಿಸದ, ಹಿಮಪಾತದ ಅಪಾಯವುಳ್ಳ ಇಳಿಜಾರು. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ಖಿಲನ್‌ಮಾರ್ಗ್ ಬಳಿ ರಷ್ಯದ ಒಬ್ಬರು ಹಿಮಕುಸಿತಕ್ಕೆ ಬಲಿಯಾದರು. ದೂರದೇಶದಿಂದ ಸ್ಕೀಯಿಂಗ್‌ಗೆಂದೇ ಬಂದವರಿಗೇ ಹೀಗಾಗುವುದಾದರೆ, ಇಪ್ಪತ್ತು ವರ್ಷ ಬಿಟ್ಟು ಬಂದವರು ಮೊದಲ ಋತುವಿನಲ್ಲಿ ಮೇಲಿನಿಂದ ನೋಟ ಸವಿದು ಗೊಂಡೋಲಾದಲ್ಲೇ ಇಳಿದರೆ ಅದರಲ್ಲಿ ನಾಚಿಕೆಯಿಲ್ಲ. ವಿಮೆ ಕೊಳ್ಳುವಾಗಲೂ ಎಚ್ಚರ ಬೇಕು. ಸಾಹಸ ಕ್ರೀಡೆಯನ್ನು ಹೊರಗಿಟ್ಟ ಪಾಲಿಸಿಗಳು ಅನೇಕ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಿಮದ ಹಾಸಿಗೆಗೂ ಆ ಮಾತು ಸಲ್ಲುತ್ತದೆ. ಮಧ್ಯಾಹ್ನ ಮೂರಕ್ಕೆ, ಇನ್ನೂ ಒಂದು ಸುತ್ತಿನ ಶಕ್ತಿ ಉಳಿದಿರುವಾಗಲೇ ಸ್ಕೀ ಕಳಚಿ ಬಿಸಿ ಕಹ್ವಾ ಹೀರಲು ಕಲಿತವರು ಮುಂದಿನ ವರ್ಷವೂ ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಬಲ್ಲರು.