ಆ ಮೀಟಿಂಗ್ ಎಲ್ಲಿ ನಡೀತದರಿ?

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಕುಡಿತ ಬಿಡುವ ಆಣೆ ಮಾಡಿ, ಹಣೆತುಂಬ ಭಂಡಾರ ಹಚ್ಚಿಕೊಂಡು ಬಸ್ ಹತ್ತುವ ಗಂಡಸರನ್ನು ನನ್ನ ಕಂಡಕ್ಟರ್ ನೌಕರಿಯಲ್ಲಿ ಬಹಳ ನೋಡಿದ್ದೇನೆ. "ಇನ್ನ ಮುಟ್ಟಂಗಿಲ್ಲರಿ" ಅನ್ನುವಾಗ ಅವರ ಬಾಯಲ್ಲಿ ಸುಳ್ಳಿರುವುದಿಲ್ಲ. ನಾನೂ ಕುಡಿಯುತ್ತಿದ್ದವನೇ, ಈಗ ಬಿಟ್ಟಿದ್ದೇನೆ. ಅದಕ್ಕೇ ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಲ್ಲಿಗೆ ಹೋದರೂ ಯಾರಾದರೊಬ್ಬರು ಬದಿಗೆ ಕರೆದು ಕೇಳುತ್ತಾರೆ: "ಅಣ್ಣಾ, ಆ ಮೀಟಿಂಗ್ ಎಲ್ಲಿ ನಡೀತದ? ಮಂದಿಗೆ ಗೊತ್ತಾಗಬಾರ್ದು ನೋಡ್ರಿ."

ಮೊದಲ ಪ್ರಶ್ನೆಗಿಂತ ಈ ಎರಡನೆಯ ಮಾತೇ ಜನರನ್ನು ಹೆಚ್ಚು ಕಟ್ಟಿಹಾಕಿದೆ.

ನಮ್ಮ ಕಡೆ ಕುಡಿತ ಬಿಡಿಸುವ ಕೆಲಸ ಹೆಚ್ಚಾಗಿ ನಾಲ್ಕು ಜನರ ಎದುರೇ ನಡೆದು ಬಂದಿದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳುಕಡಿ ಬೇಡಲಿಲ್ಲ, ನಿಮ್ಮ ಚಟ ಇದರಲ್ಲಿ ಹಾಕಿ ಎಂದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಸೇರಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ನವಜೀವನ ಸಮಿತಿಯಲ್ಲಿ ಕೂಡುತ್ತಾರೆ, ನೂರು ದಿನ ತುಂಬಿದರೆ ಶತದಿನೋತ್ಸವ. ಈ ಸಮಿತಿಯ ಸಭೆಯನ್ನು ಹುಡುಕುವುದು ಸುಲಭ. ಸ್ವಸಹಾಯ ಸಂಘದ ಸಭೆಗೆ ಬರುವ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮನೆಯ ಹೆಣ್ಣುಮಕ್ಕಳಿಗೆ ಅವರು ಗುರುತಿನವರೇ ಆಗಿರುತ್ತಾರೆ.

ಊರ ಮುಂದೆ ಕೊಟ್ಟ ಮಾತು ಎಷ್ಟೋ ಜನರನ್ನು ಕಾಯುತ್ತದೆ. ಆದರೆ ಮಾತು ಮುರಿದವನ ಪಾಡೇನು? ಆಣೆ ತಪ್ಪಿದವನು ಗುಡ್ಡದ ಕಡೆ ಮುಖ ಮಾಡಲು ಅಂಜುತ್ತಾನೆ, ಸ್ವಾಮಿಗಳ ಎದುರು ಬರಲು ನಾಚುತ್ತಾನೆ, ಆ ನಾಚಿಕೆಯನ್ನು ಮರೆಯಲು ಮತ್ತೆ ಕುಡಿಯುತ್ತಾನೆ. ಅಂಥವನಿಗೆ ಪೂರ್ತಿ ಹೆಸರು, ಜಾತಿ, ಮನೆತನ ಕೇಳದ ಒಂದು ಕೋಣೆ ಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಅಂಥ ಕೋಣೆ.

ಅದು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆ್ಯಕ್ರನ್ ಊರಲ್ಲಿ. ಆಗಷ್ಟೇ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಎಂಬಾತ ವ್ಯಾಪಾರದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ. ಕೆಲಸ ಕೆಟ್ಟಿತು. ಹೋಟೆಲಿನ ಬಾರು ಕರೆಯತೊಡಗಿತು. ಆತ ಬಾರಿಗೆ ಹೋಗದೆ ಚರ್ಚುಗಳಿಗೆ ಫೋನ್ ಹಚ್ಚಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕೆಂದು ಕೇಳಿದ. ಹೀಗೆ ಸಿಕ್ಕವರು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಅವರು ಕೊನೆಯ ಬಾರಿ ಕುಡಿದ ಜೂನ್ 10, 1935ನ್ನೇ ಎಎ ತನ್ನ ಹುಟ್ಟುದಿನ ಎನ್ನುತ್ತದೆ. ಬಿಲ್ ಬುದ್ಧಿ ಹೇಳಲು ಹೋಗಿರಲಿಲ್ಲ, ತಾನು ಉಳಿಯಲು ಹೋಗಿದ್ದ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಒಳಗೆ ನಡೆಯುವುದು ಸರಳ. ಹತ್ತಾರು ಕುರ್ಚಿ, ಚಹಾ. ಒಬ್ಬರು ಎದ್ದು ಹೆಸರು ಹೇಳಿ, ತಾನು ಮದ್ಯವ್ಯಸನಿ ಎನ್ನುತ್ತಾರೆ, ತನಗಾದದ್ದನ್ನು ಹೇಳುತ್ತಾರೆ. ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಮಾತಾಡಲೇಬೇಕೆಂದಿಲ್ಲ, ಸುಮ್ಮನೆ ಕೂತು ಬರಬಹುದು. ಫೀಸಿಲ್ಲ, ಸದಸ್ಯರೇ ಕೈಲಾದಷ್ಟು ಹಾಕಿ ನಡೆಸುತ್ತಾರೆ. ಬಿಡಬೇಕೆಂಬ ಆಸೆ ಒಂದಿದ್ದರೆ ಸಾಕು. ಕೋಣೆಯಲ್ಲಿ ಕೇಳಿದ್ದು ಕೋಣೆಯಲ್ಲೇ ಉಳಿಯಬೇಕು. ಮತ್ತೆ ಕುಡಿದು ಬಂದವನಿಗೂ ಕುರ್ಚಿ ಇದೆ. ಅವನನ್ನು ನೋಡಿ ಯಾರೂ ನಗುವುದಿಲ್ಲ, ಏಕೆಂದರೆ ಆ ಹಾದಿ ಅಲ್ಲಿದ್ದವರಿಗೆಲ್ಲ ಗೊತ್ತು.

ಸಭೆಗಿಂತ ಮೊದಲು ಡಾಕ್ಟರು. ಬೆಳಿಗ್ಗೆ ಎದ್ದರೆ ಕೈ ನಡುಗುವಷ್ಟು ಕುಡಿಯುವವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಮ್ಮೆಲೇ ಬಿಡಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು-ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ ಸನ್ನಿ ಹಿಡಿಯಬಹುದು. ಜೀವವೇ ಹೋಗಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋರೋಗ ತಜ್ಞರು ಬರುವ ಏರ್ಪಾಡಿದೆ, ನಿಮ್ಮಲ್ಲಿ ಯಾವಾಗ ಎಂದು ಮೊದಲೇ ವಿಚಾರಿಸಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ನಾಲ್ಕೂ ಊರಿಗೆ ದಕ್ಕುವ ದೂರದಲ್ಲಿದೆ. ಕಿತ್ತೂರಿನಿಂದಂತೂ ಸುಮಾರು 30 ಕಿ.ಮೀ. ಅಷ್ಟೇ. ಡಿಮ್ಹಾನ್ಸ್‌ನವರನ್ನೇ ಎಎ ಸಭೆಗಳ ಬಗ್ಗೆಯೂ ಕೇಳಿ. ಎಎಯ ಭಾರತದ ಮುಖ್ಯ ಕಚೇರಿ ಮುಂಬೈಯಲ್ಲಿದೆ, ಅವರ ವೆಬ್‌ಸೈಟಿನಲ್ಲೂ ವಿಚಾರಿಸಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸು ತೀರಾ ಕುಸಿದರೆ ಟೆಲಿ-ಮನಸ್ 14416, ಹಗಲು-ರಾತ್ರಿ ಯಾವಾಗಲಾದರೂ.

ಸಭೆಯ ಸುಳಿವು ಸಿಕ್ಕರೆ, ಹೋಗುವ ಮೊದಲು ಅದನ್ನು ನಡೆಸುವವರಿಗೆ ಫೋನ್ ಹಚ್ಚಿ ಮೂರು ಸಂಗತಿ ಕೇಳಿ: ಕನ್ನಡದಲ್ಲಿ ನಡೆಯುತ್ತದೆಯೇ, ಈ ವಾರ ಖಚಿತವಾಗಿ ಇದೆಯೇ, ಹೊಸಬರನ್ನು ಬಸ್‌ಸ್ಟ್ಯಾಂಡಿಗೆ ಬಂದು ಕರೆದೊಯ್ಯುವವರು ಇದ್ದಾರೆಯೇ. ಸಭೆ ಸಂಜೆಯಾದರೆ ಊರಿಗೆ ಮರಳುವ ಕೊನೆಯ ಬಸ್ ಎಷ್ಟಕ್ಕೆಂದು ತಿಳಿದುಕೊಂಡೇ ಹೊರಡಿ. ಮಂದಿಗೆ ಗೊತ್ತಾಗುವ ಅಂಜಿಕೆಯಿದ್ದರೆ ಪರವೂರಿನ ಸಭೆಯೇ ಮೊದಲಿಗೆ ಒಳ್ಳೆಯದು. ರಾಮದುರ್ಗದವನು ಧಾರವಾಡದಲ್ಲಿ ಕೂತರೆ ಯಾರು ಕೇಳುತ್ತಾರೆ?

ಗಂಡ ಬರಲೊಪ್ಪದಿದ್ದರೆ ಹೆಂಡತಿ ಕಾಯಬೇಕಿಲ್ಲ. ಮನೆಯವರಿಗಾಗಿಯೇ 1951ರಲ್ಲಿ ಹುಟ್ಟಿದ ಅಲ್-ಅನಾನ್ ಇದೆ. ಎಎಯಲ್ಲೂ ಮನೆಯವರು ಕೂರಬಹುದಾದ ತೆರೆದ ಸಭೆಗಳು ಇರುತ್ತವೆ.

ಇನ್ನು, ನಿಮ್ಮೂರಲ್ಲಿ ಸಭೆಯೇ ಇಲ್ಲವೇ? ಬಿಡಬೇಕೆಂದು ಇಬ್ಬರು-ಮೂವರು ಕೂಡಿದರೂ ಅದು ಗುಂಪೇ ಎನ್ನುತ್ತದೆ ಎಎ ಸಂಪ್ರದಾಯ. ಹೊರಗೆ ಹೋಗಿ ನಾಲ್ಕಾರು ಸಭೆ ನೋಡಿ ಬಂದವರು ಇನ್ನೊಬ್ಬರನ್ನು ಕರೆದುಕೊಂಡು ಒಂದು ಕೋಣೆ, ಒಂದು ಗಂಟೆ ಗೊತ್ತುಮಾಡಲಿ. ಸಾಧ್ಯವಾದರೆ ಸಂತೆಯ ದಿನ ಸಂಜೆಯೇ ಇಡಲಿ. ಕೈಯಲ್ಲಿ ರೊಕ್ಕ ಇರುವುದು, ಗೆಳೆಯರು ಕರೆಯುವುದು ಅವತ್ತೇ.